ವಂಶಾವಳಿಯೂ ಪಾಳಿಧ್ವಜವೂ

ಕನ್ನಡ ನಾಡಿನ ಅರಸುಮನೆತನಗಳ ಪ್ರಶಸ್ತಿಗಳನ್ನು ಓದತಕ್ಕವರಿಗೆ ಮೊದಲು ಎದುರಾಗುವುವು ಎರಡು ವಿಷಯಗಳು: ಒಂದು ವಂಶ, ಇನ್ನೊಂದು ಲಾಂಛನ. ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಕದಂಬರಿಗೆ ಸಿಂಹ, ಕಳಚುರ್ಯರಿಗೆ ವೃಷಭ, ಹೊಯ್ಸಳರಿಗೆ ಶಾರ್ದೂಲ. ಈ ಪಟ್ಟಿಯನ್ನು ಪಾಠಶಾಲೆಯ ಬಾಲಕರೂ ಬಾಯಿಪಾಠ ಮಾಡುವುದುಂಟು. ಲಾಂಛನವು ವಂಶದೊಡನೆಯೇ ಹುಟ್ಟಿತು, ವಂಶವು ಮೂಲಪುರುಷನಿಂದ ಕಡಿಯದೆ ಇಳಿದುಬಂದಿತು ಎಂಬ ಭಾವನೆ ಇದರಿಂದ ಸಹಜವಾಗಿ ಬೇರೂರಿದೆ. ಇನ್ನೊಂದು ಕಡೆಯಲ್ಲಿ, ಪ್ರಶಸ್ತಿಗಳಲ್ಲಿನ ವಂಶಕಥನವೆಲ್ಲವೂ ಆಸ್ಥಾನಕವಿಗಳ ಸುಳ್ಳು, ಅದನ್ನು ಕಳೆದು ಉಳಿದ ತಿಥಿ ವಾರ ದಾನಗಳನ್ನು ಮಾತ್ರ ತೆಗೆದುಕೊಂಡರೆ ಸಾಕು ಎಂಬ ಮತವೂ ಚರಿತ್ರಕಾರರಲ್ಲಿ ಬಲವಾಗಿದೆ. ಮೊದಲನೆಯವರು ಕಾವ್ಯವನ್ನು ಇತಿಹಾಸವೆಂದು ನಂಬುವರು. ಎರಡನೆಯವರು ಕಾವ್ಯವನ್ನು ಇತಿಹಾಸವಲ್ಲವೆಂದು ಬಿಸುಡುವರು. ಕಾವ್ಯವನ್ನು ಕಾವ್ಯವೆಂದು ಓದುವವರು ಇಬ್ಬರಲ್ಲಿಯೂ ಇಲ್ಲ. ಈ ಮೂರನೆಯ ಓದು ಹೇಗಿರಬೇಕು, ಅದರಿಂದ ಸಿದ್ಧಿಸುವ ಫಲವೇನು ಎಂಬುದೇ ಪ್ರಕೃತ ವಿಚಾರವು.

೧

ಈ ವಿಚಾರಕ್ಕೆ ದೂರದೇಶದ ಒಂದು ದೃಷ್ಟಾಂತವು ಸಹಾಯಕವಾಗುವುದು. ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ ‘ಕ್ಲಾನ್’ ಎಂದು ಹೆಸರಾದ ಕುಲಗಳಿವೆ. ಗೇಲಿಕ್ ಭಾಷೆಯಲ್ಲಿ ಆ ಶಬ್ದಕ್ಕೆ ಮಕ್ಕಳು, ಸಂತತಿ ಎಂದು ಅರ್ಥ. ಬಣ್ಣದ ಎಳೆಗಳನ್ನು ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಒಂದೇ ಕ್ರಮದಿಂದ ಇಟ್ಟು, ಅವು ಒಂದನ್ನೊಂದು ಹಾದು ಚೌಕಗಳಾಗುವಂತೆ ನೇಯುವ ಉಣ್ಣೆಯ ಬಟ್ಟೆಗೆ ‘ಟಾರ್ಟನ್’ ಎಂದು ಹೆಸರು. ಒಂದೊಂದು ಕುಲಕ್ಕೆ ಒಂದೊಂದು ಟಾರ್ಟನ್, ಅದು ಅನಾದಿಯಿಂದ ಬಂದುದು ಎಂದು ಲೋಕವೆಲ್ಲ ನಂಬಿದೆ. ಆದರೆ ಆ ದೇಶದ ವಿದ್ವಾಂಸರು ಶೋಧಿಸಿ ಕಂಡ ಸಂಗತಿಯೇ ಬೇರೆ. ಮಾರ್ಟಿನ್ ಮಾರ್ಟಿನ್ ಎಂಬಾತನು ೧೭೦೩ರಲ್ಲಿ ಪ್ರಕಟಿಸಿದ ದ್ವೀಪವರ್ಣನೆಯಲ್ಲಿ, ಬಟ್ಟೆಯ ಮಾದರಿಯಿಂದ ಉಟ್ಟವನ ಊರನ್ನು ಗುರುತಿಸಬಹುದೆಂದಿದ್ದಾನೆಯೇ ಹೊರತು ಕುಲವನ್ನು ಗುರುತಿಸಬಹುದೆಂದಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರೆದ ಗ್ರಾಂಟ್ ಮನೆತನದವರ ಚಿತ್ರಪಟಗಳಲ್ಲಿ ಒಂದೇ ಕುಲದವರು ಬೇರೆಬೇರೆ ಮಾದರಿಯ ಟಾರ್ಟನ್ನುಗಳನ್ನು ಧರಿಸಿದ್ದಾರೆ.

೧೭೪೬ರಲ್ಲಿ, ಆ ಜನರ ದಂಗೆಯು ಅಡಗಿದ ಮೇಲೆ, ಅವರ ಉಡುಪನ್ನೇ ಕಾನೂನಿನಿಂದ ನಿಷೇಧಿಸಲಾಯಿತು. ನಿಷೇಧವು ೧೭೮೨ರಲ್ಲಿ ತೆಗೆಯಲ್ಪಡುವ ವೇಳೆಗೆ ಒಂದು ತಲೆಮಾರು ಕಳೆದಿತ್ತು. ೧೮೧೫ರಲ್ಲಿ ಲಂಡನಿನ ಹೈಲ್ಯಾಂಡ್ ಸಂಘವು ಕುಲದ ಮುಖ್ಯರಿಗೆಲ್ಲ ತಂತಮ್ಮ ಮಾದರಿಯನ್ನು ಕಳುಹಿಸಿರೆಂದು ಬರೆಯಲು, ಅವರಲ್ಲಿ ಕೆಲವರಿಗೆ ತಮ್ಮ ಕುಲದ ಟಾರ್ಟನ್ ಯಾವುದೆಂಬುದೇ ತಿಳಿದಿರಲಿಲ್ಲ. ೧೮೨೨ರಲ್ಲಿ ನಾಲ್ವಡಿ ಜಾರ್ಜ್ ದೊರೆಯು ಎಡಿನ್‌ಬರೋ ನಗರಕ್ಕೆ ಬಂದಾಗ ವಾಲ್ಟರ್ ಸ್ಕಾಟ್ ಕವಿಯು ಏರ್ಪಡಿಸಿದ ಉತ್ಸವದಲ್ಲಿ ಕುಲಕ್ಕೊಂದು ಬಟ್ಟೆಯೆಂಬ ಪದ್ಧತಿಯು ಬೆಳಗಿತು. ಬ್ಯಾನಕ್‌ಬರ್ನಿನ ವಿಲ್ಸನ್ ಎಂಬ ನೇಯ್ಗೆಯ ವರ್ತಕರು ಅಂಕಿಗಳಿಂದ ಕರೆಯುತ್ತಿದ್ದ ಮಾದರಿಗಳಲ್ಲಿ ಹಲವಕ್ಕೆ ಕುಲಗಳ ಹೆಸರು ಬಂದುವು. ೧೮೪೨ರಲ್ಲಿ ಇಬ್ಬರು ಸಹೋದರರು, ತಾವು ಸ್ಟುವರ್ಟ್ ರಾಜವಂಶದವರೆಂದು ಹೇಳಿಕೊಂಡು, ಪ್ರಾಚೀನ ಹಸ್ತಪ್ರತಿಯಿಂದ ತೆಗೆದುದೆಂದು ‘ವೆಸ್ಟಿಯಾರಿಯಮ್ ಸ್ಕಾಟಿಕಮ್’ ಎಂಬ ಗ್ರಂಥವನ್ನು ಅಚ್ಚುಹಾಕಿದರು. ಆ ಮೂಲಪ್ರತಿಯು ವಿದ್ವಾಂಸರ ಪರೀಕ್ಷೆಗೆ ಎಂದೂ ಸಿಕ್ಕಲಿಲ್ಲ. ಗ್ರಂಥವು ಕೃತಕವೆಂದು ನಿರ್ಣಯವಾಗಿದೆ. ಆದರೂ ಅದರೊಳಗಿನ ಮಾದರಿಗಳನ್ನು ಇಂದಿಗೂ ಹಲವು ಕುಲದವರು ಭಕ್ತಿಯಿಂದ ಧರಿಸುತ್ತಾರೆ. ೨೦೦೮ರಲ್ಲಿ ಸ್ಕಾಟ್ಲೆಂಡಿನ ಶಾಸನಸಭೆಯು ಟಾರ್ಟನ್ನುಗಳ ನೋಂದಣಿಗೆಂದೇ ಕಾಯಿದೆಯನ್ನು ಮಾಡಿತು.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಒಂದು: ಚಿಹ್ನೆಯು ಮೊದಲು ಸ್ಥಳದ್ದಾಗಿದ್ದು ಆಮೇಲೆ ಕುಲದ್ದಾಯಿತು. ಎರಡು: ಪರಂಪರೆಯು ತುಂಡಾದ ಮೇಲೆಯೇ ಪರಂಪರೆಯ ಘೋಷಣೆಯು ಉಚ್ಚವಾಯಿತು. ದಖ್ಖನದ ಸಾಮಗ್ರಿಯನ್ನು ಈ ಎರಡು ಅಂಶಗಳ ಬೆಳಕಿನಲ್ಲಿ ನೋಡಬಹುದು.

೨

ಮೊದಲು ಬಟ್ಟೆಯ ಮಾತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗವೆಂಬ ಪ್ರಕರಣವಿದೆ. ಅಲ್ಲಿ ಅರಸನು ಉಡತಕ್ಕ ಬಟ್ಟೆಗಳನ್ನು ನೂಲು, ಬಣ್ಣ, ಋತು, ನೇಯ್ದ ದೇಶ ಇವುಗಳಿಂದ ವಿಂಗಡಿಸಿದೆ. ಚೋಳ, ಸಿಂಹಳ, ಕಳಿಂಗ, ವಂಗ, ಮಹಾಚೀನ ಮೊದಲಾದ ದೇಶನಾಮಗಳು ಅಲ್ಲಿ ಬರುತ್ತವೆ. ವಂಶದಿಂದ ಬಟ್ಟೆಯನ್ನು ವಿಂಗಡಿಸುವ ಕ್ರಮವಿಲ್ಲ. ಇಂದಿಗೂ ಇಳಕಲ್ಲಿನ ಸೀರೆ, ಮೊಳಕಾಲ್ಮೂರಿನ ಸೀರೆ ಎಂದು ಊರಿನಿಂದಲೇ ಬಟ್ಟೆಗೆ ಹೆಸರು. ಉಡುವ ಬಟ್ಟೆಯು ಈ ನಾಡಿನಲ್ಲಿ ಅರಸುಕುಲದ ಗುರುತಾಗಲಿಲ್ಲ.

ಆದರೆ ಎತ್ತಿ ಹಿಡಿಯುವ ಬಟ್ಟೆಯು ಗುರುತಾಯಿತು. ಅದೇ ಧ್ವಜ. ಧ್ವಜಗಳಲ್ಲಿ ಶ್ರೇಷ್ಠವೆಂದು ಶಾಸನಗಳು ಹೇಳುವುದು ಪಾಳಿಧ್ವಜವನ್ನು. ‘ಪಾಳಿ’ ಎಂದರೆ ಸಾಲು. ಅದು ಒಂದು ಧ್ವಜವಲ್ಲ, ಧ್ವಜಗಳ ಪಂಕ್ತಿ ಎಂಬುದನ್ನು ಕೆ. ಬಿ. ಪಾಠಕರು ಜಿನಸೇನಾಚಾರ್ಯರ ‘ಆದಿಪುರಾಣ’ದ ಆಧಾರದಿಂದ ತೋರಿಸಿಕೊಟ್ಟರು. ಜಿನನ ಸಮವಸರಣಮಂಡಪದ ವರ್ಣನೆಯಲ್ಲಿ ಹತ್ತು ಬಗೆಯ ಧ್ವಜಗಳು ಹೇಳಲ್ಪಟ್ಟಿವೆ. ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಗಜ, ಚಕ್ರ ಎಂಬ ಹತ್ತರಲ್ಲಿ ಒಂದೊಂದು ಬಗೆಗೆ ೧೦೮ರಂತೆ ಒಂದು ದಿಕ್ಕಿಗೆ ೧೦೮೦, ನಾಲ್ಕು ದಿಕ್ಕಿಗೂ ೪೩೨೦. ಈ ಗ್ರಂಥದ ಕರ್ತೃವು ರಾಷ್ಟ್ರಕೂಟ ಅಮೋಘವರ್ಷನಿಗೆ ಗುರುವಾಗಿದ್ದವನು. ಆ ಚಕ್ರವರ್ತಿಯ ರಾಜಧಾನಿಯಾದ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡ. ಜಿನಸೇನನು ಪಾಳಿಧ್ವಜವನ್ನು ವರ್ಣಿಸುವಾಗ ಅವನ ಶ್ರೋತೃಗಳಿಗೆ ಅದು ಕೇವಲ ಪುರಾಣದ ಪದಾರ್ಥವಾಗಿರಲಿಲ್ಲ.

ಈ ಪಾಳಿಧ್ವಜವು ಯಾವ ವಂಶದ್ದು? ಬಾದಾಮಿಯ ಚಾಲುಕ್ಯ ವಿನಯಾದಿತ್ಯನು (ಕ್ರಿ. ಶ. ೬೮೧-೬೯೬) ಸಕಲೋತ್ತರಾಪಥನಾಥನನ್ನು ಸೋಲಿಸಿ ಪಾಳಿಧ್ವಜವೇ ಮೊದಲಾದ ಪಾರಮೈಶ್ವರ್ಯಚಿಹ್ನಗಳನ್ನು ಪಡೆದನೆಂದು ಆ ವಂಶದ ಶಾಸನಗಳೇ ಹೇಳುತ್ತವೆ. ಅಂದರೆ ಅದು ಚಾಲುಕ್ಯರಿಗೆ ಹುಟ್ಟಿನಿಂದ ಬಂದುದಲ್ಲ, ಕೊಳ್ಳೆಯಿಂದ ಬಂದುದು. ಆಮೇಲೆ ಚಾಲುಕ್ಯರನ್ನು ಕೆಡವಿದ ರಾಷ್ಟ್ರಕೂಟರಲ್ಲಿ ಒಂದನೆಯ ಕೃಷ್ಣನು ರಾಹಪ್ಪನೆಂಬವನನ್ನು ಗೆದ್ದು ಪಾಳಿಧ್ವಜಾವಳಿಯಿಂದ ಶೋಭಿಸುವ ರಾಜಾಧಿರಾಜ ಪರಮೇಶ್ವರ ಪದವಿಯನ್ನು ಪಡೆದನೆಂದು ಅವರ ತಾಮ್ರಪಟಗಳಲ್ಲಿದೆ. ಅಲ್ಲಿಯೂ ಅದು ಗೆಲವಿನ ಗುರುತೇ.

ಮೂರನೆಯ ಗೋವಿಂದನ ನೇಸರಿ ತಾಮ್ರಪಟ (ಕ್ರಿ. ಶ. ೮೦೫) ಇದಕ್ಕಿಂತಲೂ ಸ್ಪಷ್ಟವಾಗಿದೆ. ಆತನು ಪಾಂಡ್ಯನಿಂದ ಮತ್ಸ್ಯವನ್ನು, ಪಲ್ಲವನಿಂದ ವೃಷಭವನ್ನು, ಚೋಳನಿಂದ ವ್ಯಾಘ್ರವನ್ನು, ಗಂಗನಿಂದ ಗಜವನ್ನು, ಕೇರಳನಿಂದ ಧನುಸ್ಸನ್ನು, ಚಾಲುಕ್ಯನಿಂದ ವರಾಹವನ್ನು, ವಂಗದ ಧರ್ಮಪಾಲನಿಂದ ಭಗವತೀ ತಾರೆಯನ್ನು ಕಿತ್ತುಕೊಂಡನೆಂದು ಅದರಲ್ಲಿ ಲಾಂಛನಗಳನ್ನೇ ಎಣಿಸಿ ಹೇಳಿದೆ. ರಾಜ್ಯಗಳ ಹೆಸರಿಗಿಂತ ಲಾಂಛನಗಳ ಹೆಸರಿನಲ್ಲಿ ವಿಜಯವನ್ನು ಲೆಕ್ಕಹಾಕಿದ ಈ ಪಟ್ಟಿಯನ್ನು ಜಿನಸೇನನ ಧ್ವಜಪಂಕ್ತಿಯ ಪಕ್ಕದಲ್ಲಿಟ್ಟು ಓದಿದರೆ ಕವಿಯ ಸಾಹಸವು ತಿಳಿಯುವುದು. ಸಿಂಹ, ವೃಷಭ, ಗಜ, ಗರುಡ ಇವೆಲ್ಲವೂ ಒಬ್ಬೊಬ್ಬ ಅರಸನ ಕೈಯಲ್ಲಿ ಇನ್ನೊಬ್ಬನ ಸೋಲನ್ನು ಸಾರುವ ಚಿಹ್ನೆಗಳು. ಜಿನಸೇನನು ಅವನ್ನು ಸಮಸಂಖ್ಯೆಯಲ್ಲಿ ಸಾಲಾಗಿ ನಿಲ್ಲಿಸಿದನು. ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಅವುಗಳ ನಡುವೆ ಕುಳಿತವನು ಗೆದ್ದುದು ಯಾವ ಅರಸನನ್ನೂ ಅಲ್ಲ, ಕರ್ಮವನ್ನು. ವಿಜಯಚಿಹ್ನವನ್ನು ವೈರಾಗ್ಯದ ಸಭೆಗೆ ತಂದ ಈ ಪ್ರತಿಭೆಯು, ಪಾಳಿಧ್ವಜವೆಂಬ ಶಬ್ದಕ್ಕೆ ಅರ್ಥ ಹುಡುಕುವ ಅವಸರದಲ್ಲಿ ಸಂಶೋಧಕರ ಗಮನಕ್ಕೆ ಸಾಕಷ್ಟು ಬಂದಿಲ್ಲ.

೩

ಲಾಂಛನವು ಗೆದ್ದುದಾದರೆ ವಂಶವು ಹೇಗೆ? ಇದಕ್ಕೆ ಕದಂಬರ ಉದಾಹರಣೆಯು ಉತ್ತಮವಾದುದು. ಏಕೆಂದರೆ ಅವರ ವಂಶಕಥೆಯು ಎರಡು ಕಾಲದಲ್ಲಿ ಎರಡು ಬಗೆಯಾಗಿ ಉಳಿದಿದೆ. ತಾಳಗುಂದದ ಸ್ತಂಭಶಾಸನವನ್ನು ರಚಿಸಿದ ಕುಬ್ಜಕವಿಯು ಹೇಳುವಂತೆ, ಮಾನವ್ಯಗೋತ್ರದ ಒಂದು ವೈದಿಕ ಬ್ರಾಹ್ಮಣ ಕುಟುಂಬದವರು ತಮ್ಮ ಮನೆಯ ಬಳಿ ಬೆಳೆದ ಕದಂಬವೃಕ್ಷವನ್ನು ಸಾಕಿದುದರಿಂದ ಆ ಹೆಸರನ್ನು ಪಡೆದರು. ಆ ಕುಲದ ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವಿದ್ಯೆಗೆಂದು ಕಾಂಚಿಯ ಘಟಿಕೆಗೆ ಹೋದನು. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವುಂಟಾಯಿತು. ಬ್ರಾಹ್ಮಣ್ಯವು ಕ್ಷತ್ರಬಲದ ಮುಂದೆ ಇಷ್ಟು ದುರ್ಬಲವಾಯಿತೇ ಎಂದು ನೊಂದು ದರ್ಭೆಯನ್ನು ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದನು. ಇಲ್ಲಿ ಮರವು ಮರವೇ; ಅವಮಾನವು ಮನುಷ್ಯನದೇ. ಅರಸುತನವು ಆಕಾಶದಿಂದ ಇಳಿಯಲಿಲ್ಲ, ಬೀದಿಯ ಜಗಳದಿಂದ ಎದ್ದಿತು.

ಆರು ಏಳು ಶತಮಾನಗಳ ಮೇಲೆ ಗೋವೆಯ ಕದಂಬರ ಶಾಸನಗಳಲ್ಲಿ ಇದೇ ಕುಲಕ್ಕೆ ಬೇರೊಬ್ಬ ಮೂಲಪುರುಷನು ಕಾಣುತ್ತಾನೆ. ತ್ರಿಪುರಸಂಹಾರದ ಶ್ರಮದಿಂದ ಶಿವನ ಹಣೆಯಲ್ಲಿ ಮೂಡಿದ ಬೆವರಿನ ಹನಿಯು ಕದಂಬವೃಕ್ಷದ ಬುಡದಲ್ಲಿ ಬೀಳಲು, ಅದರಿಂದ ಮೂರು ಕಣ್ಣಿನ ತ್ರಿಲೋಚನ ಕದಂಬನು ಹುಟ್ಟಿದನಂತೆ. ಮರವು ಉಳಿಯಿತು, ಮನೆ, ಗುರು, ಘಟಿಕೆ, ಕುದುರೆಯಾಳು ಎಲ್ಲವೂ ಹೋದುವು. ಕಾವ್ಯದೃಷ್ಟಿಯಿಂದ ತೂಗಿದರೆ ಕುಬ್ಜನ ಕಥನವೇ ಮೇಲು. ಅಲ್ಲಿ ಕಾರ್ಯಕ್ಕೆ ತಕ್ಕ ಕಾರಣವಿದೆ. ನಾಯಕನ ಮನಸ್ಸು ತಿರುಗಿದ ಕ್ಷಣವು ಕಣ್ಣಿಗೆ ಕಟ್ಟುವಂತಿದೆ. ಉತ್ಸಾಹವು ಅಮರ್ಷದಿಂದ ಪುಷ್ಟವಾಗಿ ವೀರರಸವಾಗುವ ಕ್ರಮವು ಶಾಸ್ತ್ರಸಮ್ಮತವಾಗಿದೆ. ಎರಡನೆಯದರಲ್ಲಿ ಅದ್ಭುತವುಂಟು, ಆದರೆ ಆಶ್ರಯವಿಲ್ಲದ ಅದ್ಭುತ. ಹುಟ್ಟುವಾಗಲೇ ಮೂರು ಕಣ್ಣುಳ್ಳವನಿಗೆ ಗೆಲ್ಲತಕ್ಕದ್ದೇನೂ ಉಳಿದಿರುವುದಿಲ್ಲ.

ಹೊಯ್ಸಳರ ಕಥೆಯಲ್ಲಿಯೂ ಇಂತಹುದೇ ಕ್ರಮವು ಕಾಣುತ್ತದೆ. ಸೊಸೆವೂರಿನಲ್ಲಿ ಮುನಿಯು ಸಳನಿಗೆ ‘ಪೊಯ್ ಸಳ’ ಎನ್ನಲು ಆತನು ಹುಲಿಯನ್ನು ಹೊಯ್ದನೆಂಬುದು ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ವಿಸ್ತಾರಗೊಂಡ ಕಥೆ. ಪೊಯ್ಸಳ ಎಂಬ ಹೆಸರು ಅದಕ್ಕಿಂತ ಹಳೆಯದು. ಹೆಸರಿನಿಂದ ಕಥೆಯು ಹುಟ್ಟಿತೇ ಹೊರತು ಕಥೆಯಿಂದ ಹೆಸರು ಹುಟ್ಟಲಿಲ್ಲವೆಂಬುದು ನಿರುಕ್ತವನ್ನು ಬಲ್ಲವರಿಗೆ ಹೊಸ ಮಾತಲ್ಲ. ಚೋಳರ ಲಾಂಛನವು ಹುಲಿ. ವಿಷ್ಣುವರ್ಧನನು ೧೧೧೬ರಲ್ಲಿ ತಲಕಾಡನ್ನು ಗೆದ್ದು ಚೋಳರನ್ನು ಗಂಗವಾಡಿಯಿಂದ ಹೊರಡಿಸಿದನು. ಆದಕಾರಣ ಹುಲಿಯನ್ನು ಇರಿಯುವ ಲಾಂಛನವು ಆ ವಿಜಯದ ಸ್ಮಾರಕವೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಈ ಊಹೆಯು ನೇಸರಿ ಶಾಸನದ ನ್ಯಾಯಕ್ಕೆ ಅನುಗುಣವಾಗಿದೆ.

ಶಿಲಾಹಾರರ ವಿಷಯವಂತೂ ಸಾಹಿತ್ಯದ ಉಪಾಧ್ಯಾಯರು ವಿಶೇಷವಾಗಿ ಗಮನಿಸತಕ್ಕುದು. ತಗರಪುರವರಾಧೀಶ್ವರರೆಂದು ಕರೆದುಕೊಂಡ ಈ ಮಾಂಡಲಿಕರು ತಮ್ಮನ್ನು ಜೀಮೂತವಾಹನನ ವಂಶದವರೆಂದು ಹೇಳಿಕೊಂಡರು. ಜೀಮೂತವಾಹನನೋ ಬೃಹತ್ಕಥೆಯ ಪರಂಪರೆಯಿಂದ ಬಂದು ಶ್ರೀಹರ್ಷನ ‘ನಾಗಾನಂದ’ ನಾಟಕದಲ್ಲಿ ನಾಯಕನಾದ ವಿದ್ಯಾಧರ. ನಾಗನೊಬ್ಬನನ್ನು ಉಳಿಸಲು ವಧ್ಯಶಿಲೆಯ ಮೇಲೆ ತನ್ನ ಮೈಯನ್ನೇ ಗರುಡನಿಗೆ ಒಪ್ಪಿಸಿದವನು. ಶಿಲೆಯ ಮೇಲಿನ ಆಹಾರವಾದುದರಿಂದ ಶಿಲಾಹಾರ. ಅವರ ಧ್ವಜದಲ್ಲಿ ಗರುಡ. ಕಥೆಯ ನಾಯಕನೊಬ್ಬನು ಒಂದು ರಾಜಕುಲಕ್ಕೆ ಕೂಟಸ್ಥನಾದನು. ಇದನ್ನು ಮೋಸವೆಂದು ಕರೆಯುವ ಮೊದಲು ಒಂದು ಮಾತನ್ನು ವಿಚಾರಿಸಬೇಕು: ಪೂರ್ವಜನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದಾಗ ಆ ಕುಲದವರು ಕೊಂದವನನ್ನು ಆರಿಸಲಿಲ್ಲ, ಪರರಿಗಾಗಿ ದೇಹವನ್ನು ಕೊಟ್ಟವನನ್ನು ಆರಿಸಿದರು.

೪

ಕಲ್ಯಾಣದ ಚಾಲುಕ್ಯರ ವಂಶಾವಳಿಯು ಇವೆಲ್ಲಕ್ಕಿಂತಲೂ ಜಟಿಲವಾದುದು. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಿಕೇಶಿಯು ಶಕ ೪೬೫ರಲ್ಲಿ (ಕ್ರಿ. ಶ. ೫೪೩) ಬರೆಯಿಸಿದ ಶಾಸನವು ಚಿಕ್ಕದು, ಅದರಲ್ಲಿ ವಂಶದ ಹೆಸರಿದೆ, ಕೋಟೆಯ ಮಾತಿದೆ, ದೀರ್ಘವಾದ ವಂಶಕಥೆಯಿಲ್ಲ. ಆಮೇಲಿನ ತಾಮ್ರಪಟಗಳಲ್ಲಿ ಮಾನವ್ಯಸಗೋತ್ರರು, ಹಾರೀತೀಪುತ್ರರು, ಸಪ್ತಮಾತೃಕೆಯರಿಂದ ವರ್ಧಿತರು, ನಾರಾಯಣನ ಪ್ರಸಾದದಿಂದ ವರಾಹಲಾಂಛನವನ್ನು ಪಡೆದವರು ಎಂಬ ಸೂತ್ರವು ಸ್ಥಿರವಾಯಿತು. ಅಲ್ಲಿಯೂ ವರಾಹವು ‘ಪಡೆದುದು’, ಹುಟ್ಟಿನೊಡನೆ ಬಂದುದಲ್ಲ.

ಕ್ರಿ. ಶ. ೭೫೩ರ ಸುಮಾರಿಗೆ ಈ ರಾಜ್ಯವು ಅಳಿಯಿತು. ೯೭೩ರಲ್ಲಿ ಎರಡನೆಯ ತೈಲಪನು ರಾಷ್ಟ್ರಕೂಟರನ್ನು ಕೆಡವಿ ಚಾಲುಕ್ಯರ ಹೆಸರನ್ನು ಮತ್ತೆ ಎತ್ತಿದನು. ನಡುವೆ ೨೨೦ ವರ್ಷಗಳು. ಐದನೆಯ ವಿಕ್ರಮಾದಿತ್ಯನ ಕೌಥೆಂ ತಾಮ್ರಪಟದಲ್ಲಿ (ಶಕ ೯೩೦, ಕ್ರಿ. ಶ. ೧೦೦೯) ಚಾಲುಕ್ಯರು ೫೯ ತಲೆ ಅಯೋಧ್ಯೆಯನ್ನು ಆಳಿದರೆಂದೂ ಆಮೇಲೆ ೧೬ ತಲೆ ದಕ್ಷಿಣಾಪಥವನ್ನು ಆಳಿದರೆಂದೂ ಬರುತ್ತದೆ. ಬಾದಾಮಿಯ ಅರಸರ ಕಾಲದ ಶಾಸನಗಳಲ್ಲಿ ಇಲ್ಲದ ಅಯೋಧ್ಯೆಯು, ನಡುವೆ ಎಳೆ ಹರಿದ ಮೇಲೆ ಕಾಣಿಸಿಕೊಂಡಿತು. ಅಷ್ಟೇ ಅಲ್ಲ: ದಕ್ಷಿಣದ ಆದಿಪುರುಷನಾದ ಜಯಸಿಂಹನು ೮೦೦ ಆನೆಗಳ ಒಡೆಯನಾದ ರಾಷ್ಟ್ರಕೂಟ ಇಂದ್ರನನ್ನು ಗೆದ್ದನೆಂದು ಅದರಲ್ಲಿ ಹೇಳಿದೆ. ತೈಲಪನು ೯೭೩ರಲ್ಲಿ ಮಾಡಿದುದನ್ನು ಜಯಸಿಂಹನ ಮೇಲೆ ಹಿಂದಕ್ಕೆ ಹೊರಿಸಿದಂತೆ ಇದು ತೋರುತ್ತದೆ. ಆದರೆ ಅದೇ ಶಾಸನಕಾರನು ಕೀರ್ತಿವರ್ಮನ ಕಾಲದಲ್ಲಿ ಚಾಲುಕ್ಯರ ರಾಜ್ಯಶ್ರೀಗೆ ವಿಘ್ನವುಂಟಾಯಿತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ನೇಕಾರನು ಹರಿದ ಎಳೆಗೆ ಗಂಟು ಹಾಕಿದರೆ ಬಟ್ಟೆಯ ಹಿಮ್ಮೈಯಲ್ಲಿ ಆ ಗಂಟು ಕೈಗೆ ಸಿಕ್ಕುವಂತೆ, ಇಲ್ಲಿಯೂ ಹುಡುಕುವವರಿಗೆ ಸಿಕ್ಕುತ್ತದೆ. ಸ್ಕಾಟ್ಲೆಂಡಿನಲ್ಲಿ ೧೭೪೬ಕ್ಕೂ ೧೮೨೨ಕ್ಕೂ ನಡುವೆ ಆದುದು ದಖ್ಖನದಲ್ಲಿ ೭೫೩ಕ್ಕೂ ೧೦೦೯ಕ್ಕೂ ನಡುವೆ ಆಯಿತು. ಭೇದವಿಷ್ಟೆ: ಅಲ್ಲಿ ಮೂಲಪ್ರತಿಯನ್ನು ಬಚ್ಚಿಟ್ಟರು, ಇಲ್ಲಿ ಗಂಟನ್ನು ತಾಮ್ರದ ಮೇಲೆ ಕೆತ್ತಿದರು.

ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬-೧೧೨೬) ಆಸ್ಥಾನಕ್ಕೆ ಬಂದರೆ ಒಂದೇ ಸಭೆಯಲ್ಲಿ ಮೂರು ಧ್ವನಿಗಳು ಕೇಳಿಸುತ್ತವೆ. ಮೊದಲನೆಯದು ಶಾಸನಗಳದು, ಅವು ಹಳೆಯ ಸೂತ್ರವನ್ನೂ ಅಯೋಧ್ಯೆಯನ್ನೂ ಬಿಡವು. ಎರಡನೆಯದು ಕಾಶ್ಮೀರದಿಂದ ಬಂದ ಬಿಲ್ಹಣನದು. ‘ವಿಕ್ರಮಾಂಕದೇವಚರಿತ’ದಲ್ಲಿ ಬ್ರಹ್ಮನು ಸಂಧ್ಯಾವಂದನೆಗೆ ಕೈಯಲ್ಲಿ ಹಿಡಿದ ನೀರಿನಿಂದ, ಎಂದರೆ ಚುಲುಕದಿಂದ, ಒಬ್ಬ ವೀರನು ಹುಟ್ಟಿದನು, ಅವನ ಸಂತತಿಯೇ ಚಾಲುಕ್ಯರು. ಹಾರೀತ, ಮಾನವ್ಯ, ಅಯೋಧ್ಯೆ ಎಲ್ಲವನ್ನೂ ಬಿಲ್ಹಣನು ಆ ಒಂದು ಬೊಗಸೆಯ ನೀರಿನೊಳಕ್ಕೆ ತಂದನು. ಆದರೆ ಅದೇ ಮೊದಲ ಸರ್ಗದಲ್ಲಿ ಆತನು ಇನ್ನೊಂದು ಮಾತನ್ನೂ ಹೇಳಿದ್ದಾನೆ: ರಾವಣನ ಯಶಸ್ಸು ಕುಗ್ಗಿದುದೂ ರಾಮನ ಯಶಸ್ಸು ಹಬ್ಬಿದುದೂ ಆದಿಕವಿಯ ಪ್ರಭಾವದಿಂದಲೇ, ಆದುದರಿಂದ ಅರಸರು ಕವಿಗಳನ್ನು ಕೆರಳಿಸಬಾರದು. ಅರಸನ ವಂಶವನ್ನು ಬ್ರಹ್ಮನ ಕೈಯಲ್ಲಿ ಹುಟ್ಟಿಸಿದ ಕವಿಯೇ, ಕೀರ್ತಿಯು ಹುಟ್ಟುವುದು ಕವಿಯ ಕೈಯಲ್ಲಿ ಎಂದು ನೆನಪುಮಾಡಿಕೊಡುತ್ತಾನೆ.

ಮೂರನೆಯ ಧ್ವನಿ ವಿಜ್ಞಾನೇಶ್ವರನದು. ಕಲಬುರಗಿಗೆ ಸಮೀಪದ ಮರತೂರಿನ ಜನರು ತಮ್ಮವನೆಂದು ಹೆಮ್ಮೆಯಿಂದ ಎಣಿಸುವ ಈ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದು, ಅದರ ಕೊನೆಯಲ್ಲಿ ಕಲ್ಯಾಣಪುರವನ್ನೂ ವಿಕ್ರಮಾಂಕನನ್ನೂ ಹೊಗಳಿದನು. ಆದರೆ ಆಚಾರಾಧ್ಯಾಯದ ವಿವಾಹಪ್ರಕರಣದಲ್ಲಿ, ಕ್ಷತ್ರಿಯರಿಗೂ ವೈಶ್ಯರಿಗೂ ಸ್ವಂತವಾದ ಗೋತ್ರವಿಲ್ಲವಾದುದರಿಂದ ಪ್ರವರವೂ ಇಲ್ಲ, ಪುರೋಹಿತನ ಗೋತ್ರಪ್ರವರಗಳನ್ನೇ ಅವರಿಗೆ ಹೇಳಿಕೊಳ್ಳಬೇಕು ಎಂದು ನಿರ್ಣಯಿಸಿದ್ದಾನೆ. ಮಾನವ್ಯಸಗೋತ್ರರೆಂದು ಶಾಸನಗಳಲ್ಲಿ ಸಾರುವ ಅರಸನ ರಾಜಧಾನಿಯಲ್ಲಿಯೇ ಈ ವಾಕ್ಯವು ಬರೆಯಲ್ಪಟ್ಟಿತು. ಅದಕ್ಕಾಗಿ ಪಂಡಿತನಿಗೆ ಗೌರವವು ಕಡಿಮೆಯಾಗಲಿಲ್ಲ. ಗ್ರಂಥವು ದೇಶವೆಲ್ಲ ಹಬ್ಬಿತು. ಪ್ರಶಸ್ತಿಯಲ್ಲಿ ಕೇಳಿದುದನ್ನು ಧರ್ಮನಿರ್ಣಯದಲ್ಲಿ ಪ್ರಮಾಣವಾಗಿ ತೆಗೆದುಕೊಳ್ಳಬಾರದೆಂಬ ವಿವೇಕವು ಆ ಸಭೆಯಲ್ಲಿ ಇತ್ತೆಂದೇ ಇದರ ತಾತ್ಪರ್ಯ.

೫

ಆ ವಿವೇಕಕ್ಕೆ ಆಲಂಕಾರಿಕರು ಹೆಸರನ್ನು ಕೊಟ್ಟಿದ್ದಾರೆ. ಒಂದು ವಸ್ತುವು ಹಾಗಲ್ಲವೆಂದು ತಿಳಿದಿದ್ದೂ ಇಚ್ಛೆಯಿಂದ ಹಾಗೆಂದು ಭಾವಿಸುವುದು ಆಹಾರ್ಯಜ್ಞಾನ. ಮುಖವನ್ನು ಚಂದ್ರನೆನ್ನುವವನಿಗೆ ಅದು ಚಂದ್ರನಲ್ಲವೆಂಬುದು ಗೊತ್ತಿದೆ, ಗೊತ್ತಿದ್ದೂ ಅನ್ನುತ್ತಾನೆ, ಅದರಿಂದಲೇ ಅದು ರೂಪಕವಾಯಿತು. ಗೊತ್ತಿಲ್ಲದೆ ಅಂದರೆ ಅದು ಭ್ರಾಂತಿ. ಕವಿಯು ಅಂತಹ ಭ್ರಾಂತಿಯನ್ನು ಪಾತ್ರದಲ್ಲಿಟ್ಟು ವರ್ಣಿಸಿದರೆ ಭ್ರಾಂತಿಮಾನ್ ಎಂಬ ಅಲಂಕಾರವಾಗಬಹುದು, ಆದರೆ ಸಹೃದಯನೇ ಭ್ರಾಂತನಾದರೆ ಅಲಂಕಾರವೂ ಇಲ್ಲ, ಕಾವ್ಯವೂ ಇಲ್ಲ. ವಂಶಾವಳಿಗಳನ್ನು ಆಹಾರ್ಯಾರೋಪವೆಂದು ಓದಬೇಕು. ಚುಲುಕವೂ ಬೆವರಹನಿಯೂ ವಧ್ಯಶಿಲೆಯೂ ಆ ಕಾಲದವರು ತಿಳಿದು ತೊಟ್ಟ ಆಭರಣಗಳು. ಆಭರಣವನ್ನು ಮೈಯೆಂದು ತಿಳಿದವನೂ ತಪ್ಪಿದನು, ಮೈಯಲ್ಲವೆಂದು ಕಿತ್ತೆಸೆದವನೂ ತಪ್ಪಿದನು.

ಇದಕ್ಕೆ ಕನ್ನಡದಲ್ಲಿ ಶ್ರೇಷ್ಠವಾದ ಪ್ರಮಾಣವು ಪಂಪನದು. ‘ವಿಕ್ರಮಾರ್ಜುನವಿಜಯ’ದ (ಕ್ರಿ. ಶ. ೯೪೧) ಆರಂಭದಲ್ಲಿ ವೇಮುಲವಾಡದ ಚಾಲುಕ್ಯರ ವಂಶವನ್ನು ಆತನು ಯುದ್ಧಮಲ್ಲನಿಂದ ಅರಿಕೇಸರಿಯವರೆಗೆ ಹೇಳುತ್ತಾನೆ. ಅಲ್ಲಿ ಸಪಾದಲಕ್ಷದ ಭೂಮಿಯಿದೆ, ಎಣ್ಣೆಯ ಬಾವಿಯಲ್ಲಿ ಮೀಯುವ ಆನೆಗಳಿವೆ; ಅತಿಶಯೋಕ್ತಿಯೆಲ್ಲವೂ ಮನುಷ್ಯರ ಐಶ್ವರ್ಯದ್ದೇ. ಆಮೇಲೆ ಅರಿಕೇಸರಿಯನ್ನು ಅರ್ಜುನನೊಡನೆ ಹೋಲಿಸುವ ಮನಸ್ಸಾದುದರಿಂದ ಹಾಗೆ ಮಾಡಿದೆನೆಂದು ಕವಿಯು ಬಾಯಿಬಿಟ್ಟು ಹೇಳುತ್ತಾನೆ. ಆರೋಪವು ಆಹಾರ್ಯವೆಂದು ಗ್ರಂಥದ ಬಾಗಿಲಲ್ಲಿಯೇ ಬರೆದಿಟ್ಟಂತಾಯಿತು. ಅರಿಕೇಸರಿಯು ಅರ್ಜುನನ ವಂಶದವನೆಂದು ಪಂಪನು ಹೇಳಿದ್ದರೆ ಅದು ವಂಶಾವಳಿಯಾಗುತ್ತಿತ್ತು. ಅರ್ಜುನನೇ ಎಂದು ಹೇಳಿದುದರಿಂದ ಕಾವ್ಯವಾಯಿತು. ವಂಶವು ಹಿಂದಿನಿಂದ ಬರುವ ಹಕ್ಕು. ರೂಪಕವು ಮುಂದಕ್ಕೆ ಹೊರಿಸುವ ಹೊರೆ. ಅರ್ಜುನನೆಂದು ಕರೆಯಿಸಿಕೊಂಡವನು ಅರ್ಜುನನಂತೆ ನಡೆಯಬೇಕಾಗುವುದು.

ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ದಂಡಿಯೇ ನಾಯಕನ ವಂಶವರ್ಣನೆಯನ್ನು ಮಹಾಕಾವ್ಯದಲ್ಲಿ ವಿಧಿಸಿರಲು, ಕಾಳಿದಾಸನೇ ಒಂದು ವಂಶವನ್ನು ಕಾವ್ಯದ ಹೆಸರಾಗಿ ಇಟ್ಟಿರಲು, ವಂಶವನ್ನು ಇಷ್ಟು ಹಗುರಮಾಡುವುದು ಸರಿಯೇ? ಉತ್ತರವು ಆ ಇಬ್ಬರಲ್ಲಿಯೇ ಇದೆ. ದಂಡಿಯು ಶತ್ರುವಿನ ವಂಶ ವೀರ್ಯ ಶ್ರುತಗಳನ್ನೂ ವರ್ಣಿಸಿ, ಅಂತಹವನನ್ನು ಗೆದ್ದುದರಿಂದ ನಾಯಕನಿಗೆ ಉತ್ಕರ್ಷವನ್ನು ಹೇಳುವ ಮಾರ್ಗವನ್ನೂ ಮೆಚ್ಚಿದ್ದಾನೆ. ಸೋತವನಿಗೂ ಸದ್ವಂಶವುಂಟೆಂದ ಮೇಲೆ ವಂಶವೊಂದರಿಂದ ಗೆಲವಿಲ್ಲವೆಂದಾಯಿತು. ‘ರಘುವಂಶ’ವು ಸೂರ್ಯನಿಂದ ಹೊರಟು ದಿಲೀಪ ರಘು ಅಜ ದಶರಥ ರಾಮರನ್ನು ದಾಟಿ ಅಗ್ನಿವರ್ಣನಲ್ಲಿ ಮುಗಿಯುತ್ತದೆ. ಪ್ರಜೆಗಳಿಗೆ ದರ್ಶನವನ್ನು ಕೊಡಲೂ ಬೇಸತ್ತು ಭೋಗದಲ್ಲಿ ಕ್ಷಯಿಸಿದ ಅವನೂ ಅದೇ ವಂಶದವನು. ವಂಶವನ್ನು ಹಾಡಿದ ಕವಿಗಳಲ್ಲಿ ಶ್ರೇಷ್ಠನಾದವನು ವಂಶದ ಭರವಸೆಗೆ ಇಟ್ಟ ಕೊನೆಯಿದು.

೬

ಈ ವಿಚಾರವು ಹಿಂದೂ ರಾಜರ ಕಾಲಕ್ಕೆ ಮುಗಿಯುವುದಿಲ್ಲ. ೧೩೪೭ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಅಲಾಉದ್ದೀನ ಹಸನನಿಗೂ ಎರಡು ಮೂಲಕಥೆಗಳಿವೆ. ಆತನು ಇರಾಣದ ಪುರಾಣಪ್ರಸಿದ್ಧ ವೀರನಾದ ಇಸ್ಫಂದಿಯಾರನ ಮಗ ಬಹಮನನ ವಂಶದವನೆಂಬುದು ಒಂದು. ದಿಲ್ಲಿಯಲ್ಲಿ ಗಂಗೂ ಎಂಬ ಬ್ರಾಹ್ಮಣನ ಸೇವಕನಾಗಿದ್ದು, ಆ ಉಪಕಾರದ ನೆನಪಿಗಾಗಿ ಅವನ ಜಾತಿಯ ಹೆಸರನ್ನು ಇಟ್ಟುಕೊಂಡನೆಂಬುದು, ಎರಡೂವರೆ ಶತಮಾನಗಳ ಮೇಲೆ ಬರೆದ ಫಿರಿಸ್ತಾನ ಗ್ರಂಥದಿಂದ ಪ್ರಚಾರಗೊಂಡ ಇನ್ನೊಂದು. ಚರಿತ್ರಕಾರರು ಎರಡನೆಯದನ್ನು ಒಪ್ಪುವುದಿಲ್ಲ. ಮೊದಲನೆಯದಾದರೂ ‘ಶಾಹನಾಮೆ’ಯ ವೀರನನ್ನು ಪೂರ್ವಜನನ್ನಾಗಿ ಆರಿಸಿಕೊಂಡುದೇ. ಶಿಲಾಹಾರರು ‘ನಾಗಾನಂದ’ದ ನಾಯಕನಿಗೆ ಮಾಡಿದುದನ್ನೇ ಬಹಮನಿಗಳು ಫಿರ್ದೌಸಿಯ ನಾಯಕನಿಗೆ ಮಾಡಿದರು. ಆದರೆ ಜನರ ಬಾಯಲ್ಲಿ ಉಳಿದುದು ಗಂಗೂವಿನ ಕಥೆ. ರಾಜವಂಶದ ಕಥೆಯಲ್ಲಿ ಐಶ್ವರ್ಯವಿದೆ; ಜನರ ಕಥೆಯಲ್ಲಿ ಕೃತಜ್ಞತೆಯಿದೆ. ಇತಿಹಾಸವಾಗಿ ಎರಡಕ್ಕೂ ಬೆಲೆಯಿಲ್ಲದಿದ್ದರೂ, ಯಾವ ಜನರು ತಮ್ಮನ್ನು ಆಳಿದವನಲ್ಲಿ ಯಾವ ಗುಣವನ್ನು ಕಾಣಬಯಸಿದರು ಎಂಬುದಕ್ಕೆ ಎರಡನೆಯದು ಸಾಕ್ಷಿ.

ಅದೇ ಕಲಬುರಗಿಯ ರೋಜಾದಲ್ಲಿ, ೧೪೨೨ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಸಮಾಧಿಯಿದೆ. ಸೂಫಿಗಳಲ್ಲಿ ವಂಶಕ್ಕೆ ಸಮನಾದುದು ಸಿಲ್ಸಿಲಾ, ಎಂದರೆ ಗುರುಶಿಷ್ಯರ ಸರಪಣಿ. ಅದರ ಚಿಹ್ನೆಯು ಖಿರ್ಕಾ ಎಂಬ ನಿಲುವಂಗಿ. ಗುರುವಿನ ಮೈಯಿಂದ ಶಿಷ್ಯನ ಮೈಗೆ ಬರುವ ಆ ಬಟ್ಟೆಯೇ ಉತ್ತರಾಧಿಕಾರದ ಪ್ರಮಾಣ. ಬಂದೇ ನವಾಜರ ಗುರುಗಳಾದ ದಿಲ್ಲಿಯ ನಸೀರುದ್ದೀನ ಚಿರಾಗರು ೧೩೫೬ರಲ್ಲಿ ದೇಹವನ್ನು ಬಿಡುವಾಗ, ತಮಗೆ ಗುರುಗಳಿಂದ ಬಂದಿದ್ದ ಖಿರ್ಕಾ, ದಂಡ, ಜಪಮಾಲೆ, ಮರದ ಬಟ್ಟಲು, ಪಾದುಕೆಗಳನ್ನು ಯಾರಿಗೂ ಕೊಡದೆ ತಮ್ಮೊಡನೆಯೇ ಹೂಳಬೇಕೆಂದು ಆಜ್ಞಾಪಿಸಿದರೆಂದು ಪ್ರಸಿದ್ಧವಾಗಿದೆ. ಬಟ್ಟೆಯು ಮಣ್ಣಿಗೆ ಹೋಯಿತು. ಸರಪಣಿಯು ಕಡಿಯಲಿಲ್ಲ. ಆ ಬಟ್ಟೆಯಿಲ್ಲದೆಯೇ ಶಿಷ್ಯರು ದಖ್ಖನಕ್ಕೆ ಬಂದರು. ಬಟ್ಟೆಯನ್ನು ನೋಡದೆಯೇ ಜನರು ಅವರನ್ನು ನಂಬಿದರು. ಮುಂದೆ ರೋಜಾದ ಪೀಠವು ಬಂದೇ ನವಾಜರ ಸಂತತಿಯಲ್ಲಿಯೇ ನಡೆದುಬಂದಿತೆಂಬುದೂ ನಿಜ. ಜನ್ಮದ ಎಳೆಯು ಎಲ್ಲಿಯೂ ಸುಲಭವಾಗಿ ಬಿಡತಕ್ಕುದಲ್ಲ. ಆದರೂ ಅಲ್ಲಿಗೆ ಬರುವ ಹಿಂದೂ ಮುಸಲ್ಮಾನ ಭಕ್ತರು ಕೇಳುವುದು ವಂಶಾವಳಿಯನ್ನಲ್ಲ.

ಇಷ್ಟರಿಂದ ಸಿದ್ಧವಾದುದೇನೆಂದರೆ: ಈ ನಾಡಿನಲ್ಲಿ ಲಾಂಛನವು ಗೆದ್ದು ತಂದುದು, ವಂಶವು ಆರಿಸಿ ತೊಟ್ಟುದು, ಎರಡೂ ಹುಟ್ಟಿನಿಂದ ಬಂದುವೆಂಬ ನಂಬಿಕೆಯು ಆಮೇಲೆ ಬಂದುದು. ಇಂದು ಸಮುದಾಯಗಳು ತಮ್ಮನ್ನು ಈ ಅಥವಾ ಆ ರಾಜವಂಶದ ಸಂತತಿಯೆಂದು ಹೇಳಿಕೊಳ್ಳುವಾಗಲೂ, ಅಲ್ಲವೆಂದವರ ಮೇಲೆ ಕೋಪಗೊಳ್ಳುವಾಗಲೂ, ಶಾಸನಗಳ ಮಾತನ್ನೇ ಪ್ರಮಾಣವಾಗಿ ಮುಂದಿಡುತ್ತಾರೆ. ಪೂರ್ವಿಕರು ರೂಪಕವೆಂದು ತಿಳಿದು ತೊಟ್ಟುದನ್ನು ಮೊಮ್ಮಕ್ಕಳು ರೂಪಕವೆಂದು ಮರೆತು ಕಾದಾಡುವುದು ವಿದ್ಯೆಯ ಹಾನಿ. ಆ ಹಾನಿಯನ್ನು ತಡೆಯುವ ಅಧಿಕಾರವು ನ್ಯಾಯಸ್ಥಾನಗಳಿಗಿಂತ ಹೆಚ್ಚಾಗಿ ತರಗತಿಯಲ್ಲಿ ನಿಂತು ಶಾಸನಪದ್ಯವನ್ನು ಬಿಡಿಸಿ ಹೇಳುವ ಉಪಾಧ್ಯಾಯರಿಗಿದೆ. ಸಳನ ಕಥೆಯನ್ನು ಹೇಳುವಾಗ ಇದು ಹೀಗೆ ನಡೆಯಿತೆಂದೂ ಹೇಳಬೇಕಾಗಿಲ್ಲ, ಇದು ಬರಿಯ ಸುಳ್ಳೆಂದೂ ಹೇಳಬೇಕಾಗಿಲ್ಲ. ಇದನ್ನು ಯಾರು, ಯಾವ ಗೆಲವಿನ ಮರುದಿನ, ಯಾವ ಗುಣವನ್ನು ಬಯಸಿ ಕಟ್ಟಿದರೆಂದು ಕೇಳಿಸಿದರೆ ಸಾಕು. ಮಯೂರಶರ್ಮನ ಮನೆಯ ಮುಂದೆ ನಿಂತಿದ್ದ ಮರವು ಆಗ ಮತ್ತೆ ಮರವಾಗಿ ಕಾಣುವುದು.